ಇಪ್ಪತ್ತು ಎಣಿಸೂತನಕ

ಯಲವಿಗಿ ಮಾಸ್ತರು ಫೋನಿನ್ಯಾಗ ಒಂದು ನಂಬರ ಕೊಡ್ತಾರ,
ನಾ ಒಂದು ಕೊಡ್ತೀನಿ.
ಐವತ್ತೇಳು. ಮೂವತ್ತೊಂದು.
ಅಷ್ಟ ನಮ್ಮ ಮಾತು. ಬರಕೊಂಡು ಗೇಟು ಇಳಸ್ತೀನಿ.
ಸವಣೂರಿಗೆ ಹೊಂಟ ಟಂಟಂ, ಹತ್ತಿ ಹೇರಿದ ಟ್ರ್ಯಾಕ್ಟರು,
ಅಕ್ಕಿಕಾಳಿಗೆ ತಡಾ ಆದ ಮದವಿ ಕಾರು,
ಎಲ್ಲಾರೂ ನನ್ನ ಕಡೆ ನೋಡ್ತಾರ
ಅವರ ಹೊತ್ತು ನಾನ ಕದ್ದಂಗ.

ಮದಲಿನ ಗಾಡಿ ಹೇಳಿ ಬರ್ತಿದ್ವು.
ಹಳಿ ಗುಣುಗುಡೂದು, ಜಲ್ಲಿಕಲ್ಲು ನಡಗೂದು,
ಕರಜಗಿ ಕಡೆ ಹೊಗಿ ಏಳೂದು.
ಊರ ಕಿವಿ ಆ ಗಾಡಿಗೆ ಹದಗೊಂಡ ಕಿವಿ,
ಬೆನ್ನು ತಿರುಗಿಸಿ ನಿಂತೂ ದೂರ ಅಳೀತಿತ್ತು.
ಈಗಿನ ಬಿಳೀ ಗಾಡಿಗೆ ಹೊಗಿ ಇಲ್ಲ.
ಗಾಳಿ ಆ ಕಡೆ ಬೀಸಿದ್ರ ಸದ್ದೂ ಇಲ್ಲ.
ತಿರುವಿನ್ಯಾಗ ಗೋವಿನಜೋಳದ ಮ್ಯಾಲೆ ಒಂದು ಬೆಳಕು,
ಅಷ್ಟರಾಗ ಇಲ್ಲಿ.
ಅಷ್ಟರಾಗ ಇಲ್ಲ.

ಅದಕ್ಕ ಎಣಿಸಾಕ ಕುಂತೆ.
ಬೇವಿನ ಗಿಡದ ಆಚೆ ದೀಪ ಕಂಡಾಗಿಂದ
ಗೇಟಿಗೆ ಮುಟ್ಟೂತನಕ
ಮಾಲಗಾಡಿ ನಲವತ್ಮೂರು.
ಬಿಳೀದು ಇಪ್ಪತ್ತು.
ಮಂದೀನೂ ಎಣಿಸಿದೆ, ಅವರಿಗೆ ಗೊತ್ತಾಗಧಂಗ.
ಹುಲ್ಲಿನ ಹೊರಿ ಹೊತ್ತ ಹೊಳಿಯವ್ವ, ಹದಿನೆಂಟು.
ಸೈಕಲ್ ನೂಕೊಂಡು ಬರೋ ಬಳಿಗಾರ ಹಜರೇಸಾಬ, ಇಪ್ಪತ್ತೆರಡು.
ಕಿವ್ಯಾಗ ವಾಯರ ಸಿಗಿಸಿದ ಹುಡುಗೂರು ಒಂಬತ್ತಕ್ಕ ದಾಟ್ತಾವ,
ಆದ್ರ ತಲಿ ಎತ್ತೂದಿಲ್ಲ.
ಎಮ್ಮಿ ಮಾತ್ರ ಲೆಕ್ಕಕ್ಕ ಬರಲಿಲ್ಲ,
ನಡುವ ನಿಂತು ಹಳಿ ಮೂಸಿ ನೋಡ್ತಿತ್ತು.

ಮೌನೇಶ ಅನ್ನೋ ಹುಡುಗ.
ಮಾಲಗಾಡಿ ಹೋತು ಅಂತ ಗೇಟಿನ ಕೆಳಗ ನುಸುಳಿದ.
ಅದರ ಬಾಲದ ಮರಿಯಾಗ ಎರಡನೇ ಹಳಿ ಇತ್ತು.
ಎರಡನೇ ಹಳಿ ಮ್ಯಾಲೆ ಬಿಳೀ ಗಾಡಿ ಇತ್ತು.
ನಾ ಕಾಲರ್ ಹಿಡದು ಜಗ್ಗಿದೆ.
ಅವನ ಟೊಪಗಿ ಹಾರಿ ಹೋತು,
ಅಂಗಿ ಗುಂಡಿ ಒಂದು ನನ್ನ ಮುಷ್ಟಿಯಾಗ ಉಳೀತು.
ಸಂಜೀಕ ಅವರವ್ವ ಬಂದ್ಲು, ಜಗಳಕ್ಕ.
ಹೊಸಾ ಅಂಗಿ ಹರದಿ, ಸರಕಾರಿ ನೌಕರಿ ಸೊಕ್ಕು ನಿನಗ, ಅಂದ್ಲು.
ಹುಡುಗ ಆಕಿ ಹಿಂದ ನಿಂತು ನೆಲ ನೋಡ್ತಿದ್ದ.
ಹೇಳಿರಲಿಲ್ಲ ಅಂವ. ನಾನೂ ಹೇಳಲಿಲ್ಲ.
ಗುಂಡಿ ಕೊಡು ಅಂದ್ಲು.
ಕೊಡಲಿಲ್ಲ. ರಿಜಿಸ್ಟರಿನ್ಯಾಗ ಆ ತಾರೀಖಿನ ಹಾಳಿಗೆ
ದಾರ ಹಾಕಿ ಹೊಲದೀನಿ.

ಈಗ ಕೆಳಗೊಂದು ದಾರಿ ಕೊರದಾರ.
ಗೇಟು ಮುಚ್ಚತಾರಂತ, ನನ್ನ ಬ್ಯಾರೆ ಕಡೆ ಹಾಕ್ತಾರಂತ.
ಬೇಸರಿಲ್ಲ. ದಾಟೂದ ತಪ್ಪಿದ್ರ ಎಣಿಸೂದೂ ತಪ್ಪತೈತಿ.
ಆದ್ರ ಮದಲ ಮಳಿಗೆ ಎರಿ ನೀರು ಒಳಗಿಳೀತು,
ಮೊಣಕಾಲ ಮಟ ನಿಂತು ನಾಕು ದಿನ ಕದಲಲಿಲ್ಲ.
ಮಂದಿ ಮತ್ತ ಮ್ಯಾಲೇ ಬಂದ್ರು,
ಗೇಟಿಲ್ಲದ ಕಡೆ, ಕಳ್ಳಿಸಾಲು ಸೀಳಿ,
ಸೈಕಲ್ ಹೆಗಲ ಮ್ಯಾಲೆ ಹೊತಗೊಂಡು.
ನೋಡಾಕ ಬಂದ ಸಾಹೇಬರಿಗೆ ಕೇಳಿದೆ:
ಪಂಪಿನ ಚಾವಿ ಯಾರ ಕಡೆ ಇರತೈತ್ರಿ?
ರಾತ್ರಿ ಕರೆಂಟು ಹೋದ್ರ?
ಅವರು ಒಬ್ಬರ ಮಾರಿ ಒಬ್ಬರು ನೋಡಿದ್ರು.
ಬಿದಿರಿಗೆ ಸುಣ್ಣದ ಗೆರಿ ಹೊಡದು ಅಲ್ಲಿ ನೆಟ್ಟೆ.
ದಿನಾ ನೀರು ಬರದಿಡ್ತೀನಿ.
ರಿಜಿಸ್ಟರಿನ್ಯಾಗ ನೀರಿಗೆ ಕಾಲಂ ಇಲ್ಲ,
ಅಂಚಿನ್ಯಾಗ ನಾನ ಒಂದು ಗೆರಿ ಎಳದೆ.

ಶನಿವಾರ ಸಾಲಿ ಬಿಟ್ಟಮ್ಯಾಲೆ ಹುಡುಗೂರು ಬರ್ತಾವ.
ಬೇಲಿ ಈಚೆ ಸಾಲಾಗಿ ನಿಂದರಸ್ತೀನಿ.
ದೀಪ ಕಂಡ ಕೂಡ್ಲೆ ಎಲ್ಲಾ ಒಂದ ದನಿ:
ಒಂದು, ಎರಡು, ಮೂರು...
ಹದಿನೇಳಕ್ಕ ದನಿ ಸಣ್ಣ ಆಗತಾವ,
ಇಪ್ಪತ್ತಕ್ಕ ಗಾಳಿ ಬಂದು ಬಾಯಿ ಮುಚ್ಚತೈತಿ,
ಲಂಗ, ರಿಬ್ಬನ್ನು, ಧೂಳು.
ಆಮ್ಯಾಲೆ ನಗಿ. ಆಮ್ಯಾಲೆ ಗದ್ದಲ.

ಹಜರೇಸಾಬನ ಮೊಮ್ಮಗಳು ತಸ್ಲೀಮಾ ಒಬ್ಬಾಕಿ
ಬೇಲಿ ಹಿಡದು ಅಲ್ಲೇ ನಿಂತಾಳ.
ಇಪ್ಪತ್ತೊಂದು. ಇಪ್ಪತ್ತೆರಡು.
ಗಾಡಿ ಹೋತಲ್ಲವಾ, ಇನ್ನ ಏನು ಎಣಸ್ತಿ? ಅಂದೆ.
ನನ್ನ ಕಡೆ ನೋಡಲಿಲ್ಲ.
ಆ ಕಡೆ ಹಳೀದು, ಗೇಟಿನ ಅಕ್ಕಾ, ಅಂದ್ಲು,
ಇಪ್ಪತ್ಮೂರು.