ಹಲ್ಲಿನ ಹಿಂಬದಿ

ಮುಂದಿನಿಂದ ನೋಡಿದರೆ ಏನೂ ಇಲ್ಲ.
ಮೇಲಿನ ನಾಲ್ಕು ಹಲ್ಲು ಸ್ವಲ್ಪ ಗಿಡ್ಡ, ಅಷ್ಟೇ.
ಕನ್ನಡಿ ಓರೆ ಮಾಡಿ ಹಿಂಬದಿ ನೋಡಿದೆ:
ಬಚ್ಚಲಲ್ಲಿ ಉಳಿದ ಸೋಪಿನ ಚೂರಿನ ನುಣುಪು,
ದೀಪ ಹಿಡಿದರೆ ಆಚೆಯಿಂದ ಈಚೆಗೆ ಬೆಳಕು.

ನಿಂಬೆಹಣ್ಣು ಚೀಪುತ್ತೀಯಾ ಹನೀಫಾ?
ಇಲ್ಲ.
ಸೋಡಾ?
‘ಮದುವ್ಯಾಗೆ ಒಂದ್ಸಲ ಕುಡಿದಿದ್ದೆ. ನನ್ನ ಮದುವ್ಯಾಗೇ.’
ಮತ್ತೆ ಈ ಹುಳಿ ಎಲ್ಲಿಯದು?
ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
‘ಹಗಲೆಲ್ಲಾ ಮಂಡಕ್ಕಿ ಭಟ್ಟಿ ಮುಂದೆ ನಾನು ಕೂತಿರ್ತೀನಿ,
ರಾತ್ರಿ ಮಲಗಿದ್ರೆ ಭಟ್ಟಿ ಬಂದು ನನ್ನ ಎದ್ಯಾಗೆ ಕೂತಿರ್ತೈತಿ.
ಹಲ್ಲಿನ ಡಾಕ್ಟ್ರಿಗೆ ಅದನ್ಯಾಕೆ ಹೇಳಾದು ಅಂತ
ಹೇಳಿರ್ಲಿಲ್ಲ ಮೇಡಂ.’

ನಾನೂ ಕೇಳಿರಲಿಲ್ಲ.
ಎರಡು ಸಲ ಕ್ಯಾಪ್ ಕೂರಿಸಿದ್ದೆ, ಎರಡೂ ಸಲ ಬಿದ್ದವು.
ಸಿಮೆಂಟು ಸರಿಯಿಲ್ಲ ಎಂದು
ಕಂಪನಿಯ ಹುಡುಗನ ಜೊತೆ ಜಗಳ ಬೇರೆ.

ಹೊಟ್ಟೆಯ ಡಾಕ್ಟರು ಮರುಳಸಿದ್ದಯ್ಯ.
ಓದುವ ಕಾಲಕ್ಕೆ ಅವರದು ಆ ಕಟ್ಟಡ, ನಮ್ಮದು ಈ ಕಟ್ಟಡ,
ನಡುವೆ ಒಂದು ರಸ್ತೆ, ಒಂದು ಚಹದಂಗಡಿ.
‘ಹಲ್ಲು ಡಾಕ್ಟ್ರೂ ಡಾಕ್ಟ್ರೇ ಏನ್ರೀ?’
ಎಂದು ಯಾರೋ ಅಂದದ್ದಕ್ಕೆ
ಚಹಾ ಚೆಲ್ಲುವಷ್ಟು ನಕ್ಕವರಲ್ಲಿ ಅವರೊಬ್ಬರು.
ಅವರಿಗೆ ನೆನಪಿರಲಿಕ್ಕಿಲ್ಲ.
ಇಂಥದ್ದನ್ನೆಲ್ಲ ಹೊಟ್ಟೆಗೆ ಹಾಕಿಕೋ ಅನ್ನುತ್ತಿದ್ದಳು ಅವ್ವ.
ಹಾಕಿಕೊಂಡಿದ್ದೆ. ಅರಗಿರಲಿಲ್ಲ.

ಚೀಟಿ ಕಳಿಸಿದೆ, ಫೋಟೊ ಸಮೇತ. ಉತ್ತರವಿಲ್ಲ.
ಗುರುವಾರ ಕ್ಲಿನಿಕ್ಕಿಗೆ ಬೀಗ ಜಡಿದು
ಹನೀಫಾಳ ಪಕ್ಕ ನಾನೇ ಹೋಗಿ ಕೂತೆ,
ಪಿ.ಜೆ. ಬಡಾವಣೆಯ ಆ ಮೆಟ್ಟಿಲ ಮೇಲೆ,
ಟೋಕನ್ ನಲವತ್ತೊಂದು.

ನನ್ನ ಕನ್ನಡಿಯನ್ನು ಮೊದಲು ತಿರುಗುಮುರುಗಾಗಿ ಹಿಡಿದರು.
ಸರಿ ಮಾಡಿಕೊಟ್ಟೆ.
ನೋಡಿದರು. ಟಾರ್ಚು ಇನ್ನಷ್ಟು ಹತ್ತಿರ ತಂದು ಮತ್ತೆ ನೋಡಿದರು.
ಆಮೇಲೆ, ಅರ್ಧ ತಮಗೇ:
‘ಹದಿನಾಲ್ಕು ವರ್ಷದಿಂದ ದಿನಾ ಈ ಬಾಗಿಲಲ್ಲೇ
ಕ್ಯಾಮೆರಾ ಇಳಿಸ್ತೀನಿ.
ಬಾಗಿಲು ಅಂತ ನೋಡಿದ್ದು ಇವತ್ತು.’

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ,
ಇಷ್ಟು ವರ್ಷ ಬಿಡದೆ ಇದ್ದದ್ದು ನಾವಿಬ್ಬರೇ.

ಎರಡು ತಿಂಗಳಿಗೆ ಅವರ ಚೀಟಿ ಬಂತು,
ಕೋಳಿ ಕೆದರಿದಂಥ ಅಕ್ಷರ:
‘ಹರಿಹರದ ಹುಡುಗ. ವಯಸ್ಸು ಹದಿಮೂರು, ಎತ್ತರ ಒಂಬತ್ತರದು.
ಹೊಟ್ಟೆನೋವು ಪರೀಕ್ಷೆ ದಿನದ ನಾಟಕ ಅಂತಾನೆ ಅಪ್ಪ.
ತುಟಿ ಯಾಕೋ ದಪ್ಪ. ನೀವೊಮ್ಮೆ ನೋಡಿ.’

ಕೆನ್ನೆಯ ಒಳಗೆ ಕಲ್ಲು ಹಾಸಿದ ಓಣಿ,
ಕಲ್ಲಿನ ಸಂದಿಯಲ್ಲಿ ಉದ್ದುದ್ದ ಹುಣ್ಣು.
ಇದರ ಬೇರು ಬಾಯಲ್ಲಿ ಇರಲಿಕ್ಕಿಲ್ಲ,
ಕರುಳಿನ ಕೊನೆತನಕ ಹೋಗಿ ನೋಡಿ ಎಂದು ಬರೆದೆ.
ಹೋದರು. ಇತ್ತು.
ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ,
ಬಗ್ಗಿ ಮಗನ ಚಪ್ಪಲಿಯ ಬಾರು ಸರಿ ಮಾಡುತ್ತಲೇ ಇದ್ದ,
ಸರಿಯಾಗಿಯೇ ಇದ್ದದ್ದನ್ನು.

ಎಲ್ಲ ಚೀಟಿಯ ಹಿಂದೆಯೂ ರೋಗ ಇರುವುದಿಲ್ಲ.
‘ಬರೀ ಬಿಸಿ ಚಹಾ ಕುಡಿದು ಸುಟ್ಟುಕೊಂಡದ್ದು ಮೇಡಂ’ ಎಂದು
ವಾಪಸು ಬಂದದ್ದೂ ಇದೆ.
ಆದರೂ ಅವರ ಹಾಳೆಯಲ್ಲಿ ನಾಲಿಗೆ ಅನ್ನುವ ಕಡೆ
ಪೆನ್ನಿನಲ್ಲಿ ಸೇರಿದೆ: ಹಲ್ಲು, ಕೆನ್ನೆ, ತುಟಿ.
ನನ್ನದರಲ್ಲಿ: ರಾತ್ರಿ ಎದೆಯುರಿ? ತೂಕ ಇಳಿದಿದೆಯೇ?

ಹನೀಫಾ ಮಂಚದ ತಲೆಗಾಲಿಗೆ
ಎರಡು ಇಟ್ಟಿಗೆ ಕೊಟ್ಟಿದ್ದಾಳೆ, ಭಟ್ಟಿಯವೇ.
ಮಾತ್ರೆ ತಪ್ಪಿಸುವುದಿಲ್ಲವಂತೆ.
ಸವೆದದ್ದು ಮತ್ತೆ ಬೆಳೆಯುವುದಿಲ್ಲ ಎಂದು ಹೇಳಬೇಕಾಯಿತು,
ಹೇಳಿದೆ. ಮೂರನೆಯ ಸಲ ಕೂರಿಸಿದ ಕ್ಯಾಪು ಕೂತಿದೆ.

ನಿನ್ನೆ ಬಂದಿದ್ದಳು, ಪೇಪರಿನ ಪೊಟ್ಟಣದಲ್ಲಿ
ಇನ್ನೂ ಬೆಚ್ಚಗಿದ್ದ ಮಂಡಕ್ಕಿ.
ಒಂದು ಹಿಡಿ ನನಗೆ, ಒಂದು ಹಿಡಿ ತನಗೆ.
ಅಗಿ ನೋಡೋಣ ಅಂದೆ.
ಅಗಿದಳು.
ನಗುವಾಗ ಕೈ ಅಡ್ಡ ಹಿಡಿಯುವುದನ್ನು ಮಾತ್ರ
ಇನ್ನೂ ಬಿಟ್ಟಿಲ್ಲ.