ನೀರುಗಂಟಿಯ ಮನೆ

ಗುತ್ತಲಿನ ಮೂರನೇ ಕ್ರಾಸಿಗೆ ನಾಲ್ಕು ದಿನಕ್ಕೊಮ್ಮೆ
ವಾಲ್ವು ತಿರುವುವವನು ನಾನು.
ನೀರು ಬಂದರೆ ಕಾವೇರಿ ತಾಯಿ,
ಬರದಿದ್ದರೆ ಬೈಗುಳ ನನ್ನವ್ವನಿಗೆ.

ಆಶಾ ಚಿಕ್ಕತಾಯಮ್ಮ ಬಂದಳು, ಕೈಯಲ್ಲಿ ಟಾರ್ಚು:
"ನೀರು ಬಿಡೋ ಹಿಂದಿನ ದಿನ ಒಂದ್ಮಾತು ಹೇಳಣ್ಣ,
ಡ್ರಮ್ಮು ತಳ ಕಾಣೋದು ಅವತ್ತೊಂದೇ ದಿನ."

ಹೇಳಿದೆ.
ಪಂಕ್ಚರ್ ಅಂಗಡಿಯ ಮುನಾವರ್ ಹಳೇ ಟಯರು ಒಳಗೆಳೆದ.
ಅಜಾನ್ ಮುಗಿದ ಮೇಲೆ ಮಸೀದಿಯ ಮೈಕೂ
ತೊಟ್ಟಿ ತಿಕ್ಕಿರೆಂದು ಕೂಗಿತು.
ಶಾಲೆ ಹುಡುಗರು ಹಾರ್ಲಿಕ್ಸ್ ಬಾಟಲಿಯಲ್ಲಿ
ಗಪ್ಪಿ ಮೀನು ಹೊತ್ತು ಸಂಪಿಂದ ಸಂಪಿಗೆ ಓಡಿದರು;
ಎರಡು ದಾರಿಯಲ್ಲೇ ಚೆಲ್ಲಿಹೋದವು, ಪಾಪ.

ಕೊನೆಗೆ ನನ್ನ ಮನೆ.
ಎಂದೂ ಬರಿದಾಗದ ಡ್ರಮ್ಮಿನೊಳಗೆ ಟಾರ್ಚು ಬಿಟ್ಟಳು:
ಕೊಂಕಿ ಕೊಂಕಿ ಕುಣಿಯುತ್ತಿದ್ದವು ಹುಳ.

ಚಿಕ್ಕತಾಯಮ್ಮ ನಗಲಿಲ್ಲ.
ಬ್ರಷ್ಷು ಕೊಟ್ಟಳು.