ಕೆಸರಿಗೆ ಸಾಕಾಗುವಷ್ಟು

ಅಬ್ಬಾಸಿಯಾದ ಶಾಲೆಯಲ್ಲಿ ಲ್ಯಾಬ್ ಅಟೆಂಡರ್ ನಾನು,
ಹತ್ತೊಂಬತ್ತು ವರ್ಷ. ಸ್ಲೈಡು ತೊಳೆಯುವುದು,
ಕಪ್ಪೆಯ ಬಾಟಲಿಗೆ ಫಾರ್ಮಲಿನ್ ತುಂಬುವುದು,
ಬಿನ್ಸಿ ಟೀಚರ್ ಪಾಠ ಮಾಡುವಾಗ
ಹಿಂದಿನ ಸಿಂಕಿನ ನಲ್ಲಿ ಸಣ್ಣಗೆ ಬಿಟ್ಟು ಕೇಳುವುದು.

ಗೋಡೆಯಲ್ಲೊಂದು ಹಳೇ ಪಟ.
ಎಡಕ್ಕೆ ಮಂಗ, ಬಲಕ್ಕೆ ಮನುಷ್ಯ,
ನಡುವೆ ನಾಲ್ವರು, ಒಬ್ಬರ ಹಿಂದೊಬ್ಬರು,
ಬೆನ್ನು ನೆಟ್ಟಗಾಗುತ್ತ, ಕೂದಲು ಉದುರುತ್ತ.
ನನಗದು ಯಾವಾಗಲೂ ಬೆರಳಚ್ಚಿನ ಕ್ಯೂ:
ಬೆಳಗಿನ ನಾಲ್ಕಕ್ಕೇ ಬಂದು ನಿಂತವರು,
ಮುಂದಿನವ ಸರಿದರೆ ತಾವು ಅವನಾಗುವವರು,
ಕೊನೆಗೊಂದು ಕೌಂಟರು, ಒಂದು ಠಸ್ಸೆ: ಮನುಷ್ಯ.
ಹೆಂಗಸು ಒಬ್ಬಳೂ ಇಲ್ಲ ಈ ಸಾಲಲ್ಲಿ.
ಮಕ್ಕಳು ಹೇಗಾದವೋ.

"ಮಂಗ ನಿಮ್ಮ ಅಜ್ಜನಲ್ಲ, ದಾಯಾದಿ," ಎಂದರು ಟೀಚರ್ ಒಮ್ಮೆ.
"ಅವನಿಗೂ ನಿಮಗೂ ಒಬ್ಬಳೇ ಮುತ್ತಜ್ಜಿ,
ಪಾಲಾಗಿ ತುಂಬ ಕಾಲವಾಯಿತು."
ದಾಯಾದಿ ಎಂದರೆ ನನಗೆ ಗೊತ್ತು.
ಶಿರ್ವದಲ್ಲಿ ಬೇಲಿಯಾಚೆಗಿದ್ದಾರೆ ನಮ್ಮವರು,
ಮೂಗು ನಮ್ಮದೇ, ಮಾತಿಲ್ಲ.
ಅವರು ನಾವಾಗಲಿಕ್ಕೆ ಹೊರಟು
ಅರ್ಧದಲ್ಲಿ ನಿಂತವರೇನೂ ಅಲ್ಲ.

ಮಾರ್ಚ್ ಕೊನೆಗೆ ಮಕ್ಕಳನ್ನು ಸುಲೈಬಿಖಾತಿಗೆ ಒಯ್ದೆವು.
ಕಡಲು ಇಳಿದಿತ್ತು. ಕಣ್ಣು ಹೋದಷ್ಟೂ ಬೂದಿ ಕೆಸರು,
ಬೆನ್ನ ಹಿಂದೆ ಹೆದ್ದಾರಿಯ ಗುಂಯ್.
ಶಲಂಬು ಎನ್ನುತ್ತಾರೆ ಇಲ್ಲಿಯವರು:
ಗೇಣಿಗೆ ತುಸು ಕಮ್ಮಿ, ನೆತ್ತಿಯ ಮೇಲೆ ಕಣ್ಣು,
ರೆಕ್ಕೆ ಊರಿ ತೆವಳುವ, ಸುತ್ತ ಕೆಸರ ಕಟ್ಟೆ ಕಟ್ಟಿ
ನೆರೆಯವನ ಮೇಲೆ ಬಾಯ್ದೆರೆದು ಏರಿ ಹೋಗುವ ಮೀನು.
"ಸಿಲ್ವೆಸ್ಟರ್ ಅಂಕಲ್, ಪಾಪ ಎಷ್ಟು ಕಷ್ಟಪಡ್ತದೆ!
ಇದಕ್ಕೆ ಕಾಲು ಯಾವಾಗ ಬರ್ತದೆ?"
ಆರನೇ ಕ್ಲಾಸಿನ ರಿಹಾಮ್, ಕೈಯಲ್ಲಿ ಚಿಪ್ಸು.

ಬಗ್ಗಿ ನೋಡಿದೆ. ಮೀನಿನ ಮುಖದಲ್ಲಿ
ಕಾಲಿನ ಆಸೆ ಕಾಣಲಿಲ್ಲ.
ಪಕ್ಕಕ್ಕೆ ಹೊರಳಿ ಕೆನ್ನೆ ಒದ್ದೆ ಮಾಡಿಕೊಂಡಿತು,
ಪಾಚಿ ಕೆರೆದು ತಿಂದಿತು.
ಅರ್ಧ ಆದದ್ದಲ್ಲ ಮಗಾ ಅದು, ಪೂರ್ತಿ.
ಕೆಸರಿಗೆ ಸಾಕಾಗುವಷ್ಟು ಪೂರ್ತಿ.
ಬೇಕು ಬೇಕೆಂದರೆ ಬರುವುದಾಗಿದ್ದರೆ
ನನಗೆ ಯಾವಾಗಲೋ ರೆಕ್ಕೆ ಮೂಡಬೇಕಿತ್ತು,
ಪ್ರತೀ ಡಿಸೆಂಬರಿಗೆ.

ರೂಮಿನಲ್ಲಿ ಖಾಸಿಂ. ಅಡುಗೆಕಟ್ಟೆಗೆ ಮದ್ದು ಹೊಡೆದು
"ಈ ಜಿರಳಿಗೋಳಿಗೆ ಔಷಧ ರೂಢಿ ಆಗ್ಯಾದ್ರಿ" ಎನ್ನುತ್ತಾನೆ.
ಯಾವ ಜಿರಳೆಯೂ ರೂಢಿ ಮಾಡಿಕೊಳ್ಳಲಿಲ್ಲ ಖಾಸಿಂ.
ಮೊದಲ ವರ್ಷ ಡಸ್ಟ್‌ಪ್ಯಾನ್ ತುಂಬ ಗುಡಿಸಿ ಚೆಲ್ಲಿದೆಯಲ್ಲ,
ಅವಕ್ಕೆ ಪುರುಸೊತ್ತೇ ಸಿಗಲಿಲ್ಲ.
ಸಾಯದೆ ಉಳಿದ ಒಂದೆರಡರ ಮೈಯಲ್ಲಿ
ಮದ್ದು ಬರುವ ಮೊದಲೇ ಏನೋ ಹೆಚ್ಚುಕಮ್ಮಿ ಇತ್ತು,
ಸುಮ್ಮನೆ, ಯಾತಕ್ಕೂ ಅಲ್ಲದೆ.
ಈಗ ಓಡಾಡುವುದೆಲ್ಲ ಅವುಗಳ ಸಂತಾನ.

ಖಾಸಿಂ ಸುಮ್ಮನಾದ. ಪೈಪಿನ ಕೆಲಸ ಅವನದು, ಬಯಲಲ್ಲಿ.
ಫೋರ್‌ಮನ್ ದಿನಾ ಹೇಳುತ್ತಾನಂತೆ,
ನಿಮ್ಮ ಜನಕ್ಕೆ ಬಿಸಿಲು ಒಗ್ಗಿದೆ, ಎಂದು.
"ಬಂದಾಗ ಹದಿನೇಳ್ ಮಂದಿ ಇದ್ದೆವ್ರಿ. ಈಗ ಆರು."
ಬೆರಳು ಮಡಚುತ್ತ ಹೆಸರು ಹೇಳಿದ,
ಕಿಡ್ನಿ ಹೋದವನದು, ತಲೆ ತಿರುಗಿ ಬಿದ್ದವನದು,
ಯಾರಿಗೂ ಹೇಳದೆ ಟಿಕೆಟ್ ಕೊಂಡವನದು.
ಆಮೇಲೆ ಕೇಳಿದ:
"ಹಂಗಾದ್ರ ನಾವು ಉಳದ ಜಿರಳಿಗೋಳೇನ್ರಿ?"

ಇಲ್ಲ, ಲೆಕ್ಕ ಹಾಗಲ್ಲ, ಎಂದೆ.
ಹುಮನಾಬಾದಿನಲ್ಲಿ ನಿನ್ನ ಮಗಳು
ನಿನ್ನ ಸುಟ್ಟ ಕತ್ತನ್ನು ಹೊತ್ತು ಹುಟ್ಟಲಿಲ್ಲ.
ಇಲ್ಲಿಯ ಬಿಸಿಲು ಅವಳ ಪಾಲಿಗೆ ಬರುವುದಿಲ್ಲ.
ಇನ್ನೂ ಏನೋ ಹೇಳಬೇಕಿತ್ತು.
ಬಿನ್ಸಿ ಟೀಚರಾದರೆ ಹೇಳುತ್ತಿದ್ದರು.
ಅನ್ನ ಬಸಿಯಲಿಕ್ಕಿತ್ತು, ಎದ್ದೆ.

ನಿನ್ನೆ ಏಸಿ ಸೋರಿ ಪಟದ ಮೂಲೆ ಕಿತ್ತುಬಂದಿದೆ.
ಬಲತುದಿಯ ಮನುಷ್ಯ ಮಡಚಿಕೊಂಡು
ಹಿಂದಿನವನ ಎದೆಗೆ ತಲೆ ಕೊಟ್ಟಿದ್ದಾನೆ,
ಬೆನ್ನು ಬರೀ ಬಿಳಿ ಕಾಗದ.
ಟೇಪು ತರಲು ಹೊರಟವನು
ಅರ್ಧ ದಾರಿಯಲ್ಲಿ ಬಾಟಲಿ ತೊಳೆಯುವುದು ನೆನಪಾಗಿ
ಸಿಂಕಿಗೆ ಬಂದೆ.